ಆರದ ದೀಪ

ಇಪ್ಪತ್ತೈದು ವರ್ಷ ವಿಜ್ಞಾನ ಪಾಠ ಹೇಳಿದವನಿಗೆ ಒಂದು ಪುಟ್ಟ ದೀಪ ಆರಿಸಲು ಬರಲಿಲ್ಲವೆಂದರೆ ನೀವು ನಗಬಹುದು. ನಕ್ಕರೂ ಚಿಂತೆಯಿಲ್ಲ, ನಡೆದದ್ದನ್ನು ಹೇಳಿಬಿಡುತ್ತೇನೆ.

ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಶಾಲೆಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಕೊಟ್ಟುಹೋಗಿದ್ದ. 2012ರಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳ ಕಲಿಕೆಗೆಂದೇ ಬಂದದ್ದು ಅದು. ಒಳಗೆ ಲಿನಕ್ಸ್, ಅಂಚಿನಲ್ಲಿ ಎರಡು ಸಾಲಾಗಿ 40 ಪಿನ್ನುಗಳು. ಜಾವಾದಲ್ಲಿ ಪ್ರೋಗ್ರಾಂ ಬರೆದು, ‘ಪೈಫೋರ್‌ಜೆ’ ಎಂಬ ಲೈಬ್ರರಿಯ ಮೂಲಕ ಅವುಗಳಲ್ಲಿ ಹಲವಕ್ಕೆ ಅಪ್ಪಣೆ ಕೊಡಬಹುದು. ‘ಹೊತ್ತಿಕೋ’ ಎಂದರೆ ಪಿನ್ನಿನಲ್ಲಿ 3.3 ವೋಲ್ಟ್, ‘ಆರಿಹೋಗು’ ಎಂದರೆ ಸೊನ್ನೆ. ಇಂಥ ಕೆಲಸಕ್ಕೆ ಜಾವಾ ಏಕೆಂದು ಮೂಗು ಮುರಿಯುವವರುಂಟು. ಆದರೆ 1991ರಲ್ಲಿ ಜೇಮ್ಸ್ ಗಾಸ್ಲಿಂಗ್ ಆ ಭಾಷೆಯನ್ನು ಕಟ್ಟತೊಡಗಿದ್ದೇ ಮನೆಬಳಕೆಯ ಉಪಕರಣಗಳಿಗಾಗಿ.

17ನೇ ಪಿನ್ನಿಗೆ 330 ಓಮ್ ರೋಧಕ, ಅದರಾಚೆ ಕೆಂಪು ಎಲ್‌ಇಡಿ, ಅಲ್ಲಿಂದ ಗ್ರೌಂಡಿಗೆ ತಂತಿ. ರೋಧಕವಿಲ್ಲದಿದ್ದರೆ ಕರೆಂಟು ಮಿತಿಮೀರಿ ಪಿನ್ನೇ ಸುಟ್ಟೀತೆಂದು ಎಚ್ಚರಿಸಿ, ಒಂಬತ್ತನೇ ತರಗತಿಯ ಮಕ್ಕಳೆದುರು ಪ್ರೋಗ್ರಾಂ ಓಡಿಸಿದೆ. ದೀಪವೇನೋ ಉರಿಯುತ್ತಿತ್ತು. ಆರಿಸಲು ಅಪ್ಪಣೆ ಕೊಟ್ಟೆ. ಆರಲಿಲ್ಲ. ಪ್ರೋಗ್ರಾಮನ್ನು ಸಾಲುಸಾಲಾಗಿ ತಿದ್ದಿದೆ. ಬೆವರಿಳಿಯಿತೇ ಹೊರತು ದೀಪ ಆರಲಿಲ್ಲ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅಂಕ ಕಡಿಮೆ, ಮಾತು ಇನ್ನೂ ಕಡಿಮೆ. “ಸರ್, ನೀವು ಪ್ರೋಗ್ರಾಂ ಓಡಿಸೋಕೆ ಮುಂಚೇನೇ ದೀಪ ಹತ್ತಿತ್ತು” ಎಂದಳು. “ಕೂತ್ಕೊಳಮ್ಮ” ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಪ್ಲಗ್ ಕಿತ್ತು ಮತ್ತೆ ಹಾಕಿದೆ. ಪ್ರೋಗ್ರಾಂ ಮುಟ್ಟಲೇ ಇಲ್ಲ, ದೀಪ ಹತ್ತಿತು! ನಕ್ಷೆ ತೆಗೆದು ನೋಡಿದರೆ ತಪ್ಪು ನನ್ನದೇ. ಪ್ರೋಗ್ರಾಮಿನಲ್ಲಿ ಬರೆದ 17 ಎಂಬುದು ಚಿಪ್ಪಿನ ಲೆಕ್ಕದ ಸಂಖ್ಯೆ. ಸಾಲಿನಲ್ಲಿ ಎಣಿಸಿದರೆ ಅದು 11ನೇ ಪಿನ್ನು. ನಾನು ಎಣಿಸಿ ಹಿಡಿದ 17ನೆಯದು ಯಾವ ಅಪ್ಪಣೆಗೂ ಬಗ್ಗದೆ ಸದಾ 3.3 ವೋಲ್ಟ್ ಕೊಡುವಂಥದ್ದು. ಪ್ಲಗ್ ತೆಗೆದು ತಂತಿ ಬದಲಿಸಿದೆ. ಈ ಸಲ ಹೇಳಿದಂತೆ ಹತ್ತಿತು, ಹೇಳಿದಂತೆ ಆರಿತು. ಮಕ್ಕಳು ಚಪ್ಪಾಳೆ ತಟ್ಟಿದ್ದು ನನಗಲ್ಲ, ಅವಳಿಗೆ.

ಪೋಷಕರ ಸಭೆಗೆ ಬಂದ ಅವಳ ತಂದೆ, “ಇದೆಲ್ಲ ಪರೀಕ್ಷೆಗೆ ಬರುತ್ತಾ ಸಾರ್?” ಎಂದು ಕೇಳಿದರು. ಬರುವುದಿಲ್ಲವೆಂದೆ. ಆದರೆ ನಾನು ಕಾಣದ್ದನ್ನು ನಿಮ್ಮ ಮಗಳು ಕಂಡಳು, ಕಂಡದ್ದನ್ನು ಮೇಷ್ಟ್ರ ಮುಂದೆ ಹೇಳಿದಳು ಎಂದೂ ತಿಳಿಸಿದೆ. ಅವರು ಅಂಕಪಟ್ಟಿಗೆ ಸಹಿ ಹಾಕುವುದನ್ನು ನಿಲ್ಲಿಸಿ ಮಗಳ ಮುಖ ನೋಡಿದರು. ಅವಳು ತಲೆ ತಗ್ಗಿಸಿ ನಗುತ್ತಿದ್ದಳು.

ಅಂದಿನಿಂದ ಯಾವ ಪ್ರಯೋಗಕ್ಕೂ ಮುನ್ನ “ಈಗ ಏನು ಕಾಣಿಸ್ತಿದೆ?” ಎಂದು ಹಿಂದಿನ ಬೆಂಚನ್ನೇ ಮೊದಲು ಕೇಳುತ್ತೇನೆ.