ಅಗ್ಗದ ಡ್ರಿಪ್ ಕಾಫಿ ಮೇಕರ್

ವಿದ್ಯುತ್ ಡ್ರಿಪ್ ಕಾಫಿ ಮೇಕರ್ ಕಾಯಿಸಿದ ನೀರನ್ನು ಪುಡಿಯ ಮೇಲೆ ಹನಿಸುತ್ತದೆ; ಕಾಫಿ ಕೆಳಗಿನ ಜಾರಿಗೆ ಇಳಿಯುತ್ತದೆ. 1954ರಲ್ಲಿ ಜರ್ಮನಿಯಲ್ಲಿ ಬಂದ ವಿಗೋಮ್ಯಾಟ್ ಈ ಬಗೆಯ ಮೊದಲ ಯಂತ್ರ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ನೀರಿನ ಶಾಖ. ಪುಡಿಗೆ ತಾಗುವ ನೀರು 92ರಿಂದ 96 ಡಿಗ್ರಿ ಸೆಲ್ಸಿಯಸ್ ಇದ್ದರೆ ರುಚಿ ಚೆನ್ನಾಗಿ ಇಳಿಯುತ್ತದೆ. ಕಡಿಮೆಯಾದರೆ ಕಾಫಿ ಸಪ್ಪೆ, ಮೇಲೊಂದಿಷ್ಟು ಹುಳಿ. ಅಗ್ಗದ ಯಂತ್ರಗಳು ಸಾಮಾನ್ಯವಾಗಿ ಸೋಲುವುದು ಇಲ್ಲೇ. ಟೈಮರ್, ಮಿನುಗುವ ಪರದೆಗಳಿಗೆ ಕೊಡುವ ಹಣ ದಂಡ. ಜಾರಿನಡಿಯ ಬಿಸಿ ತಟ್ಟೆ ಹೊತ್ತು ಕಳೆದಂತೆ ಕಾಫಿಯನ್ನು ಕಹಿ ಮಾಡುತ್ತದೆ. ಇಳಿದ ಕೂಡಲೇ ಫ್ಲಾಸ್ಕಿಗೆ ಸುರಿದರೆ ಆಯಿತು. ತೊಳೆದು ಬಳಸುವ ಜಾಲರಿಯಿದ್ದರೆ ಕಾಗದದ ಫಿಲ್ಟರಿನ ಖರ್ಚು ಉಳಿಯುತ್ತದೆ, ಲೋಟದ ತಳದಲ್ಲಿ ಮಾತ್ರ ತುಸು ಚರಟ ನಿಲ್ಲುತ್ತದೆ.

ಲೀಟರ್ ನೀರಿಗೆ 55ರಿಂದ 60 ಗ್ರಾಂ, ಮಧ್ಯಮ ತರಿಯ ಪುಡಿ ಸರಿಯಾದ ಅಳತೆ. ಕರ್ನಾಟಕದ ಅಂಗಡಿಗಳಲ್ಲಿ ಸಿಗುವ ನುಣ್ಣನೆಯ ಚಿಕೋರಿ ಮಿಶ್ರಣ ಕಾಗದದ ರಂಧ್ರಗಳನ್ನೇ ಮುಚ್ಚಿಬಿಡುತ್ತದೆ. ಯಂತ್ರದ ಕಾಫಿ ಹಾಲಿಲ್ಲದೆ ಕುಡಿಯುವವರಿಗೆ ತಕ್ಕದ್ದು. ಹಾಲು ಬೆರೆಸಿದರೆ ನೀರು ನೀರು. ಹಾಲಿನ ಕಾಫಿಯೇ ಬೇಕೆನ್ನುವ ಮನೆಗೆ ಎರಡು ಅಂತಸ್ತಿನ ಸ್ಟೀಲ್ ಫಿಲ್ಟರೇ ವಾಸಿ.