ಟ್ರೇಯಲ್ಲಿ ಮಲಗಿದ ಚೆಕ್ಕು

ಈಗಿನ ಮಕ್ಕಳಿಗೆ ಬ್ಯಾಂಕಿನ ಹಿತ್ತಾಳೆ ಟೋಕನ್ ಗೊತ್ತಿಲ್ಲ. ದುಂಡಗೆ, ನಂಬರು ಕೆತ್ತಿದ್ದು, ಊರವರ ಅಂಗೈ ಬೆವರಿಗೆ ನುಣುಪಾದದ್ದು. ನೂರು ರೂಪಾಯಿ ತೆಗೆಯಲು ಬಂದವರು ಅದನ್ನು ಹಿಡಿದು ಬೆಂಚಿನಲ್ಲಿ ಕೂತರೆಂದರೆ ಅಡಿಕೆ ಧಾರಣೆ, ಯಾವ ಯಕ್ಷಗಾನ ಮೇಳದ ಆಟ ಎಲ್ಲಿ, ಯಾರ ಮನೆಯ ಹುಡುಗಿಗೆ ಎಲ್ಲಿಯ ಸಂಬಂಧ, ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು.

ಅಷ್ಟು ಹೊತ್ತು ಕೌಂಟರಿನ ಒಳಗೆ ನಾವೇನು ಮಾಡುತ್ತಿದ್ದೆವು? ಗುಮಾಸ್ತ ಚೆಕ್ಕನ್ನು ಲೆಡ್ಜರಿಗೆ ಏರಿಸುತ್ತಿದ್ದ. ಒಂದು ನಿಮಿಷದ ಕೆಲಸ. ಅಟೆಂಡರ್ ಆ ಹೊರೆಯನ್ನು ಅಧಿಕಾರಿಯ ಮೇಜಿಗೆ ಹೊರುತ್ತಿದ್ದ. ಅವರು ಸಹಿ ತಾಳೆ ನೋಡಿ ಪಾಸ್ ಮಾಡಲು ಇನ್ನೊಂದು ನಿಮಿಷ. ಮತ್ತೆ ಅಟೆಂಡರ್, ಕ್ಯಾಷಿಯರ್, ನೋಟೆಣಿಕೆ. ಎಲ್ಲ ಕೂಡಿಸಿದರೂ ಐದು ನಿಮಿಷವಾಗದು. ಗಿರಾಕಿ ಕಾಯುತ್ತಿದ್ದದ್ದು ಅರ್ಧ ತಾಸು! ಉಳಿದ ಹೊತ್ತೆಲ್ಲ ಚೆಕ್ಕು ಯಾರದೋ ಟ್ರೇಯಲ್ಲಿ, ಹಬ್ಬದೂಟ ಮುಗಿಸಿದ ಮಾವನವರ ಹಾಗೆ ಮಲಗಿರುತ್ತಿತ್ತು. ನಾವು ಯಾರೂ ಸೋಮಾರಿಗಳಲ್ಲ, ತಲೆಯೆತ್ತದೆ ದುಡಿಯುತ್ತಿದ್ದೆವು. ಸೋಮಾರಿಯಾಗಿದ್ದದ್ದು ಚೆಕ್ಕು.

ಇಂಥ ವ್ಯರ್ಥ ಕಣ್ಣಿಗೆ ಬೀಳಲೆಂದೇ ಟೊಯೊಟಾದ ತೈಚಿ ಓನೊ ಕಾರ್ಖಾನೆಯ ನೆಲದಲ್ಲಿ ಸೀಮೆಸುಣ್ಣದ ವೃತ್ತ ಬರೆದು, ಶಿಷ್ಯರನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸಿ, ಸುಮ್ಮನೆ ನೋಡಿ ಎನ್ನುತ್ತಿದ್ದರಂತೆ. ಅವರು ಹೆಸರಿಸಿದ ವ್ಯರ್ಥಗಳು ಏಳು. ಬೇಕಾದ್ದಕ್ಕಿಂತ ಹೆಚ್ಚು ತಯಾರಿಸುವುದೇ ದೊಡ್ಡದು. ಕಾಯುವುದು, ಸಾಗಿಸುವುದು, ದಾಸ್ತಾನು, ಬೇಡದ ಓಡಾಟ ಎಲ್ಲ ಅದರ ಜತೆಗೆ. ನಮ್ಮ ಶಾಖೆಯಲ್ಲಿ ಅವರು ವೃತ್ತ ಬರೆದಿದ್ದರೆ ನಮ್ಮ ಅಟೆಂಡರ್ ಅವರನ್ನೂ ಎಡವಿಕೊಂಡೇ ಹೋಗುತ್ತಿದ್ದ.

ನಮ್ಮನ್ನು ಉಳಿಸಿದ್ದು ಟೆಲ್ಲರ್ ಪದ್ಧತಿ. ಸಣ್ಣ ಮೊತ್ತವಾದರೆ ಕೌಂಟರಿನಲ್ಲಿ ಕೂತವನೇ ನೋಡಿ, ಬರೆದು, ಕೊಟ್ಟು ಕಳಿಸಬಹುದು. ಯಂತ್ರ ಬರಲಿಲ್ಲ, ಹೊಸಬರು ಬರಲಿಲ್ಲ. ಅಧಿಕಾರ ಎರಡು ಮೇಜು ಕೆಳಗಿಳಿಯಿತು, ಅಷ್ಟೆ. ಅದು ಇಳಿಯಲು ಎಷ್ಟು ವರ್ಷ ಬೇಕಾಯಿತೆಂದು ಕೇಳಬೇಡಿ.

ಈಗ ಬೆಂಗಳೂರಿನಲ್ಲಿ ಮಗಳ ಮನೆ. ಒಂದು ದಿನ ಅವಳು ಲ್ಯಾಪ್‌ಟಾಪ್ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು.

"ಎಂತ ಮಾರಾಯ್ತಿ, ಕೆಲಸ ಇಲ್ವಾ?"

"ನಂದು ಮುಗ್ದಿದೆ ಅಪ್ಪ. ಕೋಡ್ ರಿವ್ಯೂ ಆಗ್ಬೇಕು."

"ಕೊಟ್ಟದ್ದು ಯಾವಾಗ?"

"ಸೋಮವಾರ."

ಅಂದು ಗುರುವಾರ. ಕಾಯುತ್ತ ಬೇರೆ ಎರಡು ಕೆಲಸ ಹಿಡಿದಿದ್ದಳು, ಅವೂ ಅರ್ಧಂಬರ್ಧ. ಮೇರಿ ಮತ್ತು ಟಾಮ್ ಪಾಪೆಂಡಿಕ್ ದಂಪತಿ 2003ರ ಪುಸ್ತಕದಲ್ಲಿ ಓನೊ ಅವರ ಪಟ್ಟಿಯನ್ನು ಸಾಫ್ಟ್‌ವೇರಿಗೆ ಹೊಂದಿಸಿದಾಗ, ದಾಸ್ತಾನಿನ ಜಾಗದಲ್ಲಿ ಇಟ್ಟದ್ದು ಇದನ್ನೇ: ಅರ್ಧ ಮುಗಿದ ಕೆಲಸ. ನಮ್ಮ ಟ್ರೇ ಕಣ್ಣಿಗಾದರೂ ಕಾಣುತ್ತಿತ್ತು.

ಬ್ಯಾಂಕಿನ ಆ ಬೆಂಚು ಈಗಿಲ್ಲ. ಒಂದೊಂದು ಸಲ ಅದರ ನೆನಪಾಗಿ ಗಂಟಲು ಕಟ್ಟುತ್ತದೆ. ಆದರೆ ಹರಟೆಯ ಸುಖ ಬಿಡುವಿದ್ದವರದು. ಬೀಡಿ ಕಟ್ಟುವುದು ಬಿಟ್ಟು ಬಂದ ಹೆಂಗಸರಿಗೆ ಆ ಅರ್ಧ ತಾಸು ಕೂಲಿಯ ನಷ್ಟ. ಅವರು ಟೋಕನ್ ತಿರುವುತ್ತ ಗೋಡೆ ಗಡಿಯಾರವನ್ನೇ ನೋಡುತ್ತಿದ್ದರು.

ನಿಮ್ಮ ತಂಡದಲ್ಲಿ ವ್ಯರ್ಥ ಹುಡುಕುವುದಾದರೆ ಮನುಷ್ಯರ ಬೆನ್ನು ಹತ್ತಬೇಡಿ. ಒಂದು ಕೆಲಸದ ಬೆನ್ನು ಹತ್ತಿ. ಅದು ಎಲ್ಲಿ ಮಲಗಿತು, ಯಾರ ಸಹಿಗೆ ಕಾದಿತು ಎಂದು ಬರೆದಿಡಿ. ಕಾಫಿಗೆ ಎದ್ದು ಹೋದವರನ್ನು ಮಾತ್ರ ದಯವಿಟ್ಟು ಆ ಪಟ್ಟಿಗೆ ಸೇರಿಸಬೇಡಿ.