ಹರಿಹರದ ಹೊಳೆಯೂ ಕಲ್ಲುನೊಣವೂ

ದಾವಣಗೆರೆಯಿಂದ ಪಶ್ಚಿಮಕ್ಕೆ ಸುಮಾರು 14 ಕಿಲೋಮೀಟರು ಸಾಗಿದರೆ ಹರಿಹರವು ದೊರೆಯುವುದು. 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯವನ್ನು ಕಂಡ ಯಾತ್ರಿಕರು ತುಂಗಭದ್ರೆಗೆ ಇಳಿಯುವುದು ವಾಡಿಕೆ. ದಾವಣಗೆರೆಯ ಮನೆಗಳ ಕೊಡವನ್ನು ತುಂಬುವುದೂ ಈ ಹೊಳೆಯೇ.

ಇದರ ಮೂಲವಾದರೋ ಪಶ್ಚಿಮಘಟ್ಟದ ಗಂಗಾಮೂಲ. ತುಂಗೆ ಭದ್ರೆಗಳೆರಡೂ ಅಲ್ಲಿಯೇ ಹುಟ್ಟಿ ಕೂಡಲಿಯಲ್ಲಿ ಒಂದಾಗುವುವು. ಮಲೆನಾಡಿನ ಸಣ್ಣ ತೊರೆಗಳಲ್ಲಿ ಕಲ್ಲನ್ನು ಮೆಲ್ಲನೆ ಮಗುಚಿದರೆ, ಬಾಲದಲ್ಲಿ ಎರಡು ಎಳೆಗಳುಳ್ಳ ಚಪ್ಪಟೆಯಾದ ಹುಳುವೊಂದು ಕಾಣಬಹುದು. ಇದು ಪರ್ಲಿಡೀ ಎಂಬ ಕುಟುಂಬಕ್ಕೆ ಸೇರಿದ ಕಲ್ಲುನೊಣದ ಮರಿ. ಪ್ರತಿಯೊಂದು ಕಾಲಿನ ತುದಿಯಲ್ಲಿಯೂ ಎರಡು ಉಗುರುಗಳಿರುವುದರಿಂದ ಸೆಳವಿನಲ್ಲಿಯೂ ಅದು ಕಲ್ಲನ್ನು ಬಿಡದು. ಎದೆಯ ಬದಿಗಳಲ್ಲಿರುವ ಕುಚ್ಚಿನಂಥ ಕಿವಿರುಗಳಿಂದ ಉಸಿರಾಡುವುದು. ಬಹುಕಾಲ ನೀರಿನಲ್ಲಿ ಬೆಳೆದು, ದಡವನ್ನೇರಿ ಪೊರೆ ಕಳಚಿ, ರೆಕ್ಕೆ ಬಂದ ಮೇಲೆ ಅಲ್ಪಕಾಲವೇ ಬಾಳುವುದು.

ಆಮ್ಲಜನಕವು ತುಂಬಿದ ನಿರ್ಮಲವಾದ ಹರಿನೀರಿಲ್ಲದೆ ಇದಕ್ಕೆ ಜೀವನವಿಲ್ಲ. ಕೊಳಚೆಯು ಸೇರಿದರೆ ಮೊದಲು ಮರೆಯಾಗುವ ಪ್ರಾಣಿಗಳಲ್ಲಿ ಇದೂ ಒಂದು. ಆದುದರಿಂದಲೇ ವಿಜ್ಞಾನಿಗಳು ಇದನ್ನು ನೀರಿನ ಶುದ್ಧಿಗೆ ಸಾಕ್ಷಿಯೆಂದು ಎಣಿಸುವರು. ಹರಿಹರದ ಮಂದಪ್ರವಾಹದಲ್ಲಿ ಇದನ್ನು ಹುಡುಕುವುದು ನ್ಯಾಯವಲ್ಲ. ಆದರೆ ಮೇಲಣ ತೊರೆಗಳಲ್ಲಿ ಇದು ಉಳಿದಿದ್ದರೆ ನಮ್ಮ ಕೊಡದ ನೀರಿನ ಮೂಲವು ಕೆಟ್ಟಿಲ್ಲವೆಂದು ನೆಮ್ಮದಿಗೊಳ್ಳಬಹುದು. ಮಲೆನಾಡಿಗೆ ಹೋದಾಗ ಗೃಹಸ್ಥರು ಇದನ್ನು ಮಕ್ಕಳಿಗೆ ತೋರಿಸಿ, ಕಲ್ಲನ್ನು ಮೊದಲಿದ್ದಂತೆಯೇ ಇಡಿಸಲಿ.